ಹೊರಗಿನೊಡನೆ ಬೆಸೆದುಕೊಂಡ ಮನೆ: ಕಟ್ಟಿಸಿ ವಾಸಿಸುತ್ತಿರುವವರ ಅನುಭವ ಬೇಕು

ಪ್ರಶ್ನೆ, ಮೈಸೂರಿನಿಂದ

ಮೈಸೂರಿನ ಹೊರವಲಯದಲ್ಲಿ ನಮ್ಮದೊಂದು 40×60 ಅಡಿಯ ನಿವೇಶನವಿದೆ. ರಸ್ತೆ ಪಶ್ಚಿಮಕ್ಕಿದೆ, ಪೂರ್ವಕ್ಕೆ ಇನ್ನೂ ಯಾರೂ ಕಟ್ಟದ ಖಾಲಿ ಜಾಗ, ಉತ್ತರ ದಕ್ಷಿಣಗಳಲ್ಲಿ ಎರಡಂತಸ್ತಿನ ಮನೆಗಳು. ಹದಿನೈದು ವರ್ಷ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿದ್ದ ನಮಗೆ ಮಳೆ ಬಂದರೆ ಅದರ ಸದ್ದು ಕೇಳುವ, ಬಾಗಿಲು ದಾಟಿದರೆ ಕಾಲಿಗೆ ಮಣ್ಣು ಸಿಗುವ ಮನೆ ಬೇಕೆಂಬ ಆಸೆ. ಎಪ್ಪತ್ತು ದಾಟಿದ ಅಪ್ಪ ಅಮ್ಮ ನಮ್ಮ ಜೊತೆಗಿರುತ್ತಾರೆ. ನಕ್ಷೆ ಬರೆಯುತ್ತಿರುವವರು ರಸ್ತೆಯ ಕಡೆಗೆ ನೆಲದಿಂದ ಚಾವಣಿಯವರೆಗೆ 14 ಅಡಿ ಅಗಲದ ಜಾರುವ ಗಾಜಿನ ಬಾಗಿಲು, ಮನೆಯ ನಡುವೆ ಆಕಾಶಕ್ಕೆ ತೆರೆದ 8×8 ಅಡಿಯ ತೊಟ್ಟಿ (ಒಳ ಅಂಗಳ), ಮೇಲೆ ತಾರಸಿ ತೋಟ ಸೂಚಿಸಿದ್ದಾರೆ. ಮೂರನ್ನೂ ಮಾಡಿಸುವಷ್ಟು ಹಣ ನಮ್ಮಲ್ಲಿಲ್ಲ. ಐದಾರು ವರ್ಷ ವಾಸಿಸಿದ ಮೇಲೆ ಯಾವುದು ಬಳಕೆಯಲ್ಲಿ ಉಳಿಯಿತು, ಯಾವುದನ್ನು ಮುಚ್ಚಿಸಬೇಕಾಯಿತು ಎಂಬುದನ್ನು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ

ಪಶ್ಚಿಮದ ಗಾಜಿನ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಹನ್ನೊಂದು ವರ್ಷಗಳ ಹಿಂದೆ ನಾವು ಮಾಡಿಸಿದ್ದೂ ಅದನ್ನೇ. ಮನೆ ಒಕ್ಕಲಾದದ್ದು ನವೆಂಬರಿನಲ್ಲಾದ್ದರಿಂದ ಮೊದಲ ಮೂರು ತಿಂಗಳು ಸಂಜೆಯ ಬೆಳಕು ಹಾಲಿನ ನೆಲದ ಮೇಲೆ ಹರಡುವುದನ್ನು ನೋಡಿ ಸಂತೋಷಪಟ್ಟೆವು. ಫೆಬ್ರವರಿ ಕಳೆದ ಮೇಲೆ ಮಧ್ಯಾಹ್ನ ಎರಡೂವರೆಯಿಂದ ಆರರವರೆಗೆ ಆ ಕೋಣೆಯಲ್ಲಿ ಕೂರುವುದೇ ಕಷ್ಟವಾಯಿತು. ಹೊರಗನ್ನು ನೋಡಲೆಂದು ಹಾಕಿಸಿದ ಗಾಜಿಗೆ ದಪ್ಪ ಪರದೆ ಎಳೆದು, ಹಗಲಿನಲ್ಲೇ ದೀಪ ಹಚ್ಚಿಕೊಂಡು ಬದುಕಿದೆವು. ರಾತ್ರಿಯೂ ಪರದೆ ತೆಗೆಯುವಂತಿರಲಿಲ್ಲ, ಒಳಗೆ ದೀಪ ಹಚ್ಚಿದೊಡನೆ ರಸ್ತೆಯಲ್ಲಿ ಹೋಗುವವರಿಗೆ ನಮ್ಮ ಊಟದ ಮೇಜು ಕಾಣುತ್ತಿತ್ತು.

ಲೆಕ್ಕ ಆಮೇಲೆ ಕಲಿತದ್ದು. ಮಾರ್ಚ್ ಕೊನೆಯಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ನಮ್ಮ ಕಡೆ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ, ನೇರವಾಗಿ ಪಶ್ಚಿಮದ ಗೋಡೆಗೆ ಎದುರಾಗಿ ಇರುತ್ತಾನೆ. ಆಗ 2 ಅಡಿಯ ಚಜ್ಜಾ ತನ್ನ ಕೆಳಗೆ ಕೊಡುವ ನೆರಳು ಒಂದಡಿಗಿಂತ ತುಸು ಹೆಚ್ಚು, ಅಷ್ಟೇ. ಅದರ ಕೆಳಗಿನ ಗಾಜೆಲ್ಲ ಬಿಸಿಲಿಗೆ ಬಿಟ್ಟ ಹಾಗೆ. ದಕ್ಷಿಣದ ಗೋಡೆಯಲ್ಲಿ ಅದೇ 2 ಅಡಿ ಚೆನ್ನಾಗಿ ಕೆಲಸ ಮಾಡುತ್ತದೆ: ಡಿಸೆಂಬರಿನ ನಡುಹಗಲಲ್ಲೂ ಸೂರ್ಯ 54 ಡಿಗ್ರಿಯಷ್ಟು ಎತ್ತರದಲ್ಲಿರುವುದರಿಂದ ಎರಡೂಮುಕ್ಕಾಲು ಅಡಿ ನೆರಳು ಸಿಗುತ್ತದೆ, ಏಪ್ರಿಲ್ ಕೊನೆಯಿಂದ ಕೆಲವು ತಿಂಗಳು ನಡುಹಗಲ ಬಿಸಿಲು ಆ ಕಡೆಗೆ ಬರುವುದೇ ಇಲ್ಲ. ಉತ್ತರದಿಂದ ಬಿಸಿಲೇ ಬರುವುದಿಲ್ಲವೆಂದು ಹಲವರು ಹೇಳುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ತಲೆಯ ಮೇಲಿನಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ, ಆದ್ದರಿಂದ ಅಲ್ಲಿಯೂ ಚಿಕ್ಕದೊಂದು ಚಜ್ಜಾ ಬೇಕು.

ಒಳಗಿನ ಪರದೆಯಿಂದ ಸೆಕೆ ಕಡಿಮೆಯಾಗಲಿಲ್ಲ, ಏಕೆಂದರೆ ಗಾಜು ದಾಟಿದ ಬಿಸಿಲಿನ ಕಾವು ಪರದೆಯನ್ನು ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು. ಮೂರನೆಯ ವರ್ಷ ಗಾಜಿನ ಮುಂದೆ 7 ಅಡಿ ಆಳದ ಹಂಚಿನ ಮಾಡು ಇಳಿಸಿ, ಅದರ ಅಂಚಿಗೆ ಸುತ್ತಿಡಬಹುದಾದ ಬಿದಿರಿನ ಪರದೆ ತೂಗುಹಾಕಿಸಿದೆವು, ಕಾಂಪೌಂಡಿನ ಮೂಲೆಯಲ್ಲೊಂದು ಹೊಂಗೆ ನೆಟ್ಟೆವು. ಹೊಂಗೆಯನ್ನೇ ಆರಿಸಲು ಕಾರಣವಿದೆ. ಅದು ಎಲೆ ಉದುರಿಸಿದರೂ ಬೇಸಿಗೆಯ ಬಿಸಿಲು ಬಲಿಯುವ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ದಟ್ಟ ನೆರಳು ಕೊಡುತ್ತದೆ. ಈಗ ನಾವು ದಿನವೂ ಕೂರುವುದು ಆ ಮಾಡಿನ ಕೆಳಗೆ. ಗಾಜಿನ ಬಾಗಿಲು ಅದರ ಹಿಂದೆ ಇದೆ, ಆದರೆ ಅದರಲ್ಲಿ ಮೂರೂವರೆ ಅಡಿಗಿಂತ ಹೆಚ್ಚು ಯಾವತ್ತೂ ತೆರೆದದ್ದಿಲ್ಲ.

ತಾರಸಿ ತೋಟದ ಬಗ್ಗೆ ಎರಡು ಮಾತು. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಭಾರಕ್ಕೆಂದು ಲೆಕ್ಕ ಹಾಕುತ್ತಾರೆ. ಒಂದಡಿ ಆಳದ ಒದ್ದೆ ಮಣ್ಣು ಅಷ್ಟೇ ಜಾಗದಲ್ಲಿ 500 ಕಿಲೋ ದಾಟುತ್ತದೆ. ಮಣ್ಣಿನ ಪಾತಿ ಬೇಕಾದರೆ ಈಗಲೇ, ಕಂಬ ತೊಲೆಗಳ ಲೆಕ್ಕ ಹಾಕುವಾಗಲೇ ಹೇಳಿ. ಮತ್ತು ನಿಮ್ಮ ತಂದೆತಾಯಿ ಇನ್ನು ಐದು ವರ್ಷಗಳ ಮೇಲೆ ಎಷ್ಟು ಸಲ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗಬಲ್ಲರು ಎಂಬುದನ್ನೂ ಯೋಚಿಸಿ. ನಾನಾಗಿದ್ದರೆ ಆ ಹಣವನ್ನು ನೆಲದ ಮಟ್ಟದಲ್ಲೇ ಖರ್ಚು ಮಾಡುತ್ತಿದ್ದೆ.

ಸಾಗರ ತಾಲ್ಲೂಕಿನಿಂದ

ನಾನು ಹುಟ್ಟಿ ಬೆಳೆದದ್ದು ಮುತ್ತಜ್ಜ ಕಟ್ಟಿಸಿದ ತೊಟ್ಟಿಮನೆಯಲ್ಲಿ, ಈಗ ಇರುವುದು ಆರು ವರ್ಷಗಳ ಹಿಂದೆ ನಾವೇ ಕಟ್ಟಿಸಿದ ಹೊಸ ಮನೆಯಲ್ಲಿ. ಎರಡನ್ನೂ ಬಾಳಿ ನೋಡಿದವನಾಗಿ ಹೇಳುವುದಾದರೆ, ಒಳಗೂ ಅಲ್ಲದ ಹೊರಗೂ ಅಲ್ಲದ ಒಂದು ಜಾಗವಿಲ್ಲದೆ ಮನೆಗೆ ಹೊರಗಿನ ನಂಟು ಬರುವುದಿಲ್ಲ, ಆ ಜಾಗದ ಹೆಸರು ಜಗುಲಿ. ಗಾಜು ಎಷ್ಟೇ ದೊಡ್ಡದಿದ್ದರೂ ಅದು ಹೊರಗನ್ನು ಕಣ್ಣಿಗೆ ಮಾತ್ರ ತೋರಿಸುತ್ತದೆ. ಜಗುಲಿಯಲ್ಲಿ ಕೂತವರಿಗೆ ಗಾಳಿ ತಾಗುತ್ತದೆ, ಮಣ್ಣಿನ ವಾಸನೆ ಬರುತ್ತದೆ, ಮಳೆ ಹೊಯ್ಯುತ್ತಿದ್ದರೂ ಎದ್ದು ಒಳಗೆ ಹೋಗಬೇಕಾಗುವುದಿಲ್ಲ. ಹಳೆಯ ಮನೆಯಲ್ಲಿ ಅಡಿಕೆ ಸುಲಿಯುವುದು, ಮಕ್ಕಳ ಓದು, ನೆಂಟರ ಮಾತುಕತೆ, ಮಧ್ಯಾಹ್ನದ ಒಂದು ನಿದ್ದೆ ಎಲ್ಲವೂ ಅಲ್ಲೇ ನಡೆಯುತ್ತಿದ್ದವು.

ಜಗುಲಿಯ ಗುಟ್ಟೆಲ್ಲ ಸೂರಿನಲ್ಲಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸುವುದಕ್ಕೂ ಮೊದಲು ನಮ್ಮ ಕಡೆಯ ಮಾಡುಗಳು ಸೋಗೆ, ಹುಲ್ಲು ಅಥವಾ ನಾಡಹಂಚಿನವು. ಮಣ್ಣಿನ ಗೋಡೆಗೆ ಎರಚಲು ತಾಗದಂತೆ ಸೂರನ್ನು ತಗ್ಗಾಗಿ, ಬಹಳ ಮುಂದಕ್ಕೆ ಇಳಿಸುತ್ತಿದ್ದರು. ಹಂಚು ಬಂದ ಮೇಲೂ ಆ ರೂಪ ಉಳಿಯಿತು, ಏಕೆಂದರೆ ಮಳೆಗಾಲ ಬದಲಾಗಲಿಲ್ಲ. ಹೊಸ ಮನೆ ಕಟ್ಟುವಾಗ ಸೂರು ತಗ್ಗಾದರೆ ಮುಂಭಾಗದ ಅಂದ ಕೆಡುತ್ತದೆಂದು ಕೆಲವರು ಹೇಳಿದರು. ನಾವು ಅವರ ಮಾತು ಕೇಳಿ ಸೂರನ್ನು 10 ಅಡಿಗೆ ಏರಿಸಿದೆವು, ಮೊದಲ ಜೂನಿನಲ್ಲೇ ಜಗುಲಿಯ ಅರ್ಧಭಾಗ ಒದ್ದೆಯಾಯಿತು. ಹಿಂದಿನವರು ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿ ಕಟ್ಟುತ್ತಿದ್ದಂತೆ ನಾವೂ ಈಗ ವರ್ಷ ವರ್ಷ ತಟ್ಟಿ ಕಟ್ಟುತ್ತೇವೆ. ನಿಮ್ಮ ಮೈಸೂರಿನಲ್ಲಿ ವರ್ಷಕ್ಕೆ 800 ಮಿಲಿಮೀಟರಿನಷ್ಟೇ ಮಳೆ, ಆಗುಂಬೆಯ ಹತ್ತನೆಯ ಒಂದು ಭಾಗದಷ್ಟು. ಆದರೂ ಮೇ ತಿಂಗಳಲ್ಲಿ ಗುಡುಗಿನೊಂದಿಗೆ ಗಾಳಿಮಳೆ ಬರುವ ಊರು ಅದು. ಸೂರು ಏಳೂವರೆ ಅಡಿಗಿಂತ ಮೇಲೆ ಹೋಗದಿರಲಿ.

ಇನ್ನು ತೊಟ್ಟಿ. ಅದನ್ನು ನಾನು ಬೇಡವೆನ್ನಲಾರೆ, ಬಾಲ್ಯದಲ್ಲಿ ತೊಟ್ಟಿಗೆ ನಾಲ್ಕೂ ಸೂರಿನಿಂದ ನೀರು ಬೀಳುವುದನ್ನು ನೋಡುತ್ತ ಕೂತ ಸುಖವನ್ನು ಮರೆಯಲಾಗದು. ಆದರೆ 8×8 ಅಡಿಯ ತೊಟ್ಟಿಯ ಸುತ್ತ ಎರಡಂತಸ್ತು ಏಳುವುದಾದರೆ ಅದು ಬಾವಿಯಾಗುತ್ತದೆ. ಮೇಲಿನ ಸ್ನೇಹಿತರು ಕೊಟ್ಟ 54 ಡಿಗ್ರಿಯ ಲೆಕ್ಕವನ್ನೇ ಇಟ್ಟು ನೋಡಿ: ಡಿಸೆಂಬರಿನ ನಡುಹಗಲ ಬಿಸಿಲು 8 ಅಡಿ ಅಗಲದ ಕಿಂಡಿಯೊಳಗೆ 11 ಅಡಿ ಆಳದವರೆಗೆ ಮಾತ್ರ ಇಳಿಯುತ್ತದೆ. ಸುತ್ತಲಿನ ಗೋಡೆ 20 ಅಡಿಯಿದ್ದರೆ ನೆಲಕ್ಕೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ, ಪಾಚಿ ಕಟ್ಟುತ್ತದೆ, ವಯಸ್ಸಾದವರು ಜಾರುತ್ತಾರೆ. ನಮ್ಮ ಹಳೆಯ ಮನೆಯ ತೊಟ್ಟಿಗೆ ಪಾಚಿ ಹೆಚ್ಚು ಹಿಡಿಯದಿದ್ದುದು ಅಂಗಳದಷ್ಟೇ ಅಗಲವಾಗಿ, ತಗ್ಗು ಸೂರಿನ ನಡುವೆ ಇದ್ದುದರಿಂದ. ತೊಟ್ಟಿ ಬೇಕೇ ಬೇಕಾದರೆ ಆ ಭಾಗದಲ್ಲಾದರೂ ಮನೆಯನ್ನು ಒಂದೇ ಅಂತಸ್ತಿಗೆ ನಿಲ್ಲಿಸಿ.

ನೀರಿನ ಬಗ್ಗೆಯೂ ಎಚ್ಚರ ಬೇಕು. ಒಳಮುಖವಾಗಿ ಇಳಿಯುವ ಮಾಡುಗಳೂ ಸೇರಿ ತೊಟ್ಟಿಗೆ ಬೀಳುವ ಮಳೆಯ ವಿಸ್ತೀರ್ಣ 60 ಚದರ ಮೀಟರ್ ಇದ್ದರೆ, 100 ಮಿಲಿಮೀಟರ್ ಮಳೆಯಾದ ದಿನ 6,000 ಲೀಟರ್ ನೀರು ಮನೆಯ ನಟ್ಟನಡುವೆ ಇಳಿಯುತ್ತದೆ. ಹೊರಹೋಗಲು 4 ಇಂಚಿನ ಕೊಳವೆ ಒಂದಿದ್ದರೆ ಸಾಲದು. ಎರಡನೆಯದನ್ನು ಮೊದಲಿನದಕ್ಕಿಂತ ಎರಡಿಂಚು ಮೇಲೆ ಇಡಿಸಿ, ಒಂದು ಎಲೆಯಿಂದ ಕಟ್ಟಿಕೊಂಡರೂ ಇನ್ನೊಂದು ಕಾಪಾಡುತ್ತದೆ. ಎರಡೂ ನೆಲದಡಿಯ ನೀರಿನ ಟ್ಯಾಂಕಿಗೋ ಇಂಗುಗುಂಡಿಗೋ ಸೇರಲಿ. ಆಮೇಲೆ ಮಳೆಗೆ ಬೇಸತ್ತು ಮೇಲೆ ಪಾರದರ್ಶಕ ಶೀಟು ಹೊದಿಸುವವರು ಬಹಳ. ಹೊದಿಸುವುದೇ ಆದರೆ ಸುತ್ತಲೂ ಒಂದೂವರೆ ಅಡಿ ತೆರವು ಬಿಡಿ, ಇಲ್ಲವಾದರೆ ಮೇಲೇರಿದ ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ ಮನೆಯಲ್ಲೇ ನಿಲ್ಲುತ್ತದೆ.

ಧಾರವಾಡದಿಂದ

ಇಲ್ಲಿಯವರೆಗೆ ಎಲ್ಲರೂ ಮನೆಯ ಮುಂಭಾಗ, ನಡುಭಾಗಗಳ ಬಗ್ಗೆಯೇ ಬರೆದಿದ್ದಾರೆ. ಹಿತ್ತಲಿನ ಮಾತು ಯಾರೂ ಎತ್ತಿಲ್ಲವೆಂದು ನಾನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ತೆರೆಯುವ ಬಾಗಿಲು ಅಡುಗೆಮನೆಯಿಂದ ಹಿತ್ತಲಿಗೆ ಹೋಗುವ ಬಾಗಿಲು. ಕರಿಬೇವು ಕೀಳಲು, ಬಟ್ಟೆ ಒಣಹಾಕಲು, ಕಾಳು ಹಸನು ಮಾಡಲು, ಸುಮ್ಮನೆ ಐದು ನಿಮಿಷ ನಿಂತು ಗಾಳಿ ಕುಡಿಯಲು ನಾನು ಹೋಗುವುದು ಅಲ್ಲಿಗೆ. ಮನೆಯೊಳಗೆ ಅತಿ ಹೆಚ್ಚು ಹೊತ್ತು ಕಳೆಯುವವರು ಎಲ್ಲಿರುತ್ತಾರೋ ಅಲ್ಲಿಂದ ನೆಲ ಎಷ್ಟು ಹತ್ತಿರವಿದೆ ಎಂದು ಅಳೆದು ನೋಡಿ. ಅಡುಗೆಮನೆಯನ್ನು ನಾಲ್ಕು ಗೋಡೆಗಳ ನಡುವೆ ಸಿಕ್ಕಿಸಿ ಅತಿಥಿಗಳು ಕೂರುವ ಕೋಣೆಗೆ ಮಾತ್ರ ತೋಟ ಕೊಡುವ ನಕ್ಷೆಗಳನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಿಮ್ಮ ನಿವೇಶನದ ಪೂರ್ವ ಖಾಲಿಯಿದೆ ಎಂದಿರಿ. ಅದು ಬೇರೆಯವರ ಜಾಗ, ಎಂದಾದರೂ ಒಂದು ದಿನ ಅಲ್ಲಿ ಗೋಡೆ ಏಳುತ್ತದೆ. ಮನೆಯನ್ನು ರಸ್ತೆಯ ಕಡೆಗೆ, ನಿಯಮ ಬಿಡುವಷ್ಟು ಸರಿಸಿ, ಹಿಂದೆ 12 ಅಡಿಯಾದರೂ ನಿಮ್ಮದೇ ಹಿತ್ತಲು ಉಳಿಸಿಕೊಳ್ಳಿ. ಬೆಳಗಿನ ಎಳೆಬಿಸಿಲು ಅಡುಗೆಮನೆಗೆ ಬರುತ್ತದೆ, ಹತ್ತು ಗಂಟೆಯ ಮೇಲೆ ಅದು ಕಾಡುವುದಿಲ್ಲ. ನಾವು ಪಾತ್ರೆ ತೊಳೆದ ನೀರನ್ನು ಜಲ್ಲಿ ಮರಳು ತುಂಬಿದ ಕಾಬಾಳೆಯ ಪಾತಿಗೆ ಹರಿಸಿ, ಅಲ್ಲಿಂದ ಬಾಳೆಯ ಬುಡಕ್ಕೆ ಬಿಟ್ಟಿದ್ದೇವೆ. ಸಾಬೂನಿನ ನೀರು ಒಂದೇ ಕಡೆ ನಿಲ್ಲದಂತೆ ತಿಂಗಳಿಗೊಮ್ಮೆ ಕಾಲುವೆ ತಿರುಗಿಸುವುದಷ್ಟೇ ಕೆಲಸ. ನುಗ್ಗೆಯನ್ನು ಗೋಡೆಯಿಂದ ದೂರ ನೆಡಿ, ಅದರ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ, ಕಂಬಳಿಹುಳುವಿನ ಕಾಲದಲ್ಲಿ ಅದರ ಕೆಳಗೆ ನಿಲ್ಲಲಾಗುವುದಿಲ್ಲ.

ಕಲಬುರಗಿಯಿಂದ

ನಮ್ಮ ಊರಿನಲ್ಲಿ ಬೇಸಿಗೆ 42 ಡಿಗ್ರಿ ದಾಟುತ್ತದೆ, ಆದ್ದರಿಂದ ಮೇಲಿನ ಕೆಲವು ಮಾತುಗಳು ನಮಗೆ ಒಗ್ಗುವುದಿಲ್ಲ. ಇಲ್ಲಿ ಹೊರಗಿನೊಡನೆ ಸಂಬಂಧ ಇಟ್ಟುಕೊಳ್ಳುವುದು ಗಡಿಯಾರ ನೋಡಿ. ಬೆಳಗಿನ ಐದರಿಂದ ಎಂಟರವರೆಗೆ ಎಲ್ಲ ತೆರೆಯುತ್ತೇವೆ, ಹಗಲಿಡೀ ಮುಚ್ಚುತ್ತೇವೆ, ಸಂಜೆ ಮತ್ತೆ ತೆರೆಯುತ್ತೇವೆ. ದಪ್ಪ ಕಲ್ಲಿನ ಗೋಡೆಯ ಹಳೆಯ ಮಾಳಿಗೆ ಮನೆಗಳಿಗೆ ಕಿಟಕಿ ಕಡಿಮೆ, ಮೇಲೊಂದು ಬೆಳಕಿಂಡಿ. ಅದರಿಂದ ಬೆಳಕೂ ಬರುತ್ತದೆ, ಬಿಸಿಗಾಳಿಯೂ ಹೋಗುತ್ತದೆ. ರಾತ್ರಿ ಮಾಳಿಗೆಯ ಮೇಲೆ ಮಲಗಿದರೆ ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲ. ಮೈಸೂರಿನ ಸೆಕೆ ಇಷ್ಟಿಲ್ಲದಿದ್ದರೂ ಮಾರ್ಚಿನಿಂದ ಮೇವರೆಗೆ ಈ ಪದ್ಧತಿ ನಿಮಗೂ ಉಪಯೋಗವಾದೀತು. ಎತ್ತರದಲ್ಲಿ, ಕಿಟಕಿಯ ಮೇಲೆ, ರಾತ್ರಿಯೂ ಭಯವಿಲ್ಲದೆ ತೆರೆದಿಡಬಹುದಾದ ಸರಳು ಹಾಕಿದ ಚಿಕ್ಕ ಕಿಂಡಿಗಳನ್ನು ಇಡಿಸಿ.

ಇನ್ನೊಂದು ಮಾತು ನನಗೆ ಮುಖ್ಯವೆನಿಸುತ್ತದೆ. ಹೊರಗು ಎಂದರೆ ಗಿಡಮರ ಮಾತ್ರವೆಂದು ಎಲ್ಲರೂ ತಿಳಿದಂತಿದೆ. ನಮ್ಮ ತಂದೆ ಕೊನೆಯ ಹತ್ತು ವರ್ಷ ಸಂಜೆಗಳನ್ನು ಕಳೆದದ್ದು ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ. ದಾರಿಯಲ್ಲಿ ಹೋಗುವವರು ನಿಂತು ಮಾತಾಡಿಸುತ್ತಿದ್ದರು, ಕೆಲವರು ಕೂತು ನೀರು ಕುಡಿದು ಹೋಗುತ್ತಿದ್ದರು. ಅವರ ಆರೋಗ್ಯಕ್ಕೆ ಆ ಕಟ್ಟೆ ಮಾಡಿದಷ್ಟು ಉಪಕಾರವನ್ನು ಬೇರಾವುದೂ ಮಾಡಲಿಲ್ಲವೆಂದು ನಾನು ನಂಬಿದ್ದೇನೆ. ಆಳೆತ್ತರದ ಕಾಂಪೌಂಡು ಕಟ್ಟಿ ಅದರ ಹಿಂದೆ ಗಾಜು ಹಾಕಿಸುವ ಬದಲು ಮುಂಗೋಡೆಯನ್ನು ನಾಲ್ಕಡಿಗೆ ಇಳಿಸಿ, ಗೇಟಿನ ಬಳಿ ಹದಿನೇಳು ಹದಿನೆಂಟು ಇಂಚು ಎತ್ತರದ ಒಂದು ಕಲ್ಲುಕಟ್ಟೆ ಮಾಡಿಸಿ. ಹಿರಿಯರಿಗೆ ಅದಕ್ಕಿಂತ ತಗ್ಗಾದರೆ ಏಳುವುದು ಕಷ್ಟ. ಹಾಸಲು ಶಹಾಬಾದ್ ಕಲ್ಲು ಸಾಕು. ಹೊರಗೆ ಹಾಸುವುದನ್ನು ಪಾಲಿಶ್ ಮಾಡಿಸಬೇಡಿ, ತೊಳೆಯಲು ಆಸಿಡ್ ಬಳಸಬೇಡಿ, ಅದು ಸುಣ್ಣಕಲ್ಲು.

ಉಡುಪಿಯ ಕಡೆಯಿಂದ

ಸೊಳ್ಳೆಯ ಬಗ್ಗೆ ಬರೆಯದೆ ಈ ಚರ್ಚೆ ಪೂರ್ಣವಾಗದು. ತೆರೆದ ಮನೆ ಕಟ್ಟಿಸಿ ಎರಡು ವರ್ಷಗಳಲ್ಲಿ ಎಲ್ಲ ಮುಚ್ಚಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ, ಕಾರಣ ಮನೆಯ ಮಗುವಿಗೆ ಬಂದ ಡೆಂಗಿ. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದ್ದರಿಂದ ಕುಂಡಗಳ ಕೆಳಗಿನ ತಟ್ಟೆಗಳನ್ನು ತೆಗೆದುಹಾಕಿ, ನೀರು ನಿಲ್ಲುವುದನ್ನೆಲ್ಲ ವಾರಕ್ಕೊಮ್ಮೆ ಬರಿದು ಮಾಡಿ, ತಾವರೆಯ ಕೊಳ ಬೇಕಾದರೆ ಗಪ್ಪಿ ಮೀನು ಬಿಡಿ. ಮಲಗುವ ಕೋಣೆಗಳ ಕಿಟಕಿಗೆ ಸ್ಟೀಲ್ ಜಾಲರಿ ಮೊದಲ ದಿನದಿಂದಲೇ ಇರಲಿ. ಜಾಲರಿ ಗಾಳಿಯನ್ನೂ ಬೆಳಕನ್ನೂ ತುಸು ಕಡಿಮೆ ಮಾಡುತ್ತದೆ, ಹಾಗಾಗಿ ಕಿಟಕಿಯನ್ನೇ ಒಂದಡಿ ಹೆಚ್ಚು ಅಗಲ ಮಾಡಿಸಿ. ಜಗುಲಿಗೆ ಜಾಲರಿ ಹಾಕಿಸಬೇಡಿ. ನಾವು ಹಾಕಿಸಿ ಒಂದು ವರ್ಷದಲ್ಲಿ ತೆಗೆಸಿದೆವು, ಜಗುಲಿ ಇನ್ನೊಂದು ಕೋಣೆಯಾಗಿಬಿಟ್ಟಿತ್ತು.

ಹಾವಿನ ಭಯವಿದ್ದರೆ ಗೋಡೆಗೆ ಅಂಟಿದಂತೆ ಗಿಡ ಬೆಳೆಸಬೇಡಿ, ಎರಡಡಿ ಅಗಲಕ್ಕೆ ಬರಿಯ ಕಲ್ಲು ಹಾಸಿ, ಕಟ್ಟಿಗೆ ಇಟ್ಟಿಗೆಗಳ ರಾಶಿಯನ್ನು ಮನೆಯಿಂದ ದೂರವಿಡಿ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಕಳೆದ ಭಾನುವಾರ ಅಪ್ಪನನ್ನು ಕರೆದುಕೊಂಡು ನಿವೇಶನಕ್ಕೆ ಹೋಗಿ ಮಧ್ಯಾಹ್ನ ಮೂರರಿಂದ ಆರರವರೆಗೆ ಅಲ್ಲೇ ಕೂತಿದ್ದೆವು. ಗಾಜು ಬರಬೇಕಿದ್ದ ಕಡೆ ಐದೂವರೆಯವರೆಗೂ ಕಣ್ಣು ಬಿಡಲಾಗಲಿಲ್ಲ. ಹಿಂದಿನ ಮೂಲೆಯಲ್ಲಿ, ಪಕ್ಕದ ಮನೆಯ ನೆರಳು ಬೀಳುವ ಜಾಗಕ್ಕೆ ಅಪ್ಪ ತಾವಾಗಿಯೇ ಕುರ್ಚಿ ಎಳೆದುಕೊಂಡರು. ಗಾಜಿನ ಗೋಡೆಯನ್ನೂ ತಾರಸಿಯ ಮಣ್ಣಿನ ಪಾತಿಯನ್ನೂ ಕೈಬಿಟ್ಟಿದ್ದೇವೆ. ಮುಂದೆ ಹಂಚಿನ ಜಗುಲಿ ಮತ್ತು ಗೇಟಿನ ಬಳಿ ಕಟ್ಟೆ, ಹಿಂದೆ ಅಡುಗೆಮನೆಗೆ ಹೊಂದಿಕೊಂಡ ಹಿತ್ತಲು ಎಂದು ನಿರ್ಧಾರವಾಗಿದೆ. ತೊಟ್ಟಿಯ ವಿಷಯದಲ್ಲಿ ಅಮ್ಮನಿಗೆ ಆಸೆ ಇನ್ನೂ ಇದೆ. ಜಗುಲಿಯ ಆಳ 5 ಅಡಿ ಸಾಕೆಂದು ನಕ್ಷೆ ಬರೆಯುವವರು ಹೇಳುತ್ತಿದ್ದಾರೆ, ಅದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಸಾಗರ ತಾಲ್ಲೂಕಿನಿಂದ

5 ಅಡಿ ನಡೆದು ದಾಟಲು ಸಾಕು, ಕೂರಲು ಸಾಲದು. ಕುರ್ಚಿ, ಕಾಲು ಚಾಚುವ ಜಾಗ, ಹಿಂದಿನಿಂದ ಇನ್ನೊಬ್ಬರು ಹಾದುಹೋಗುವ ದಾರಿ ಸೇರಿದರೆ 7 ಅಡಿ ಬೇಕು. ಅಂಚಿನಲ್ಲಿ ಕೂರುವ ಕಟ್ಟೆಯೂ ಇದ್ದರೆ 8. ಆ ಮೂರಡಿಯನ್ನು ಹಾಲಿನಿಂದ ಕತ್ತರಿಸಿ, ಜಗುಲಿ ಇರುವ ಮನೆಯಲ್ಲಿ ಹಾಲು ಚಿಕ್ಕದಾದರೂ ತೊಂದರೆಯಾಗುವುದಿಲ್ಲ. ಹಾಲಿಗೂ ಜಗುಲಿಗೂ ನಡುವೆ ಮೆಟ್ಟಿಲು ಬೇಡ, ಅರ್ಧ ಇಂಚಿನ ಇಳಿಜಾರು ಇದ್ದರೆ ನೀರು ಒಳಗೆ ಬರುವುದಿಲ್ಲ, ನಿಮ್ಮ ತಂದೆಯವರು ಎಡವುವುದೂ ಇಲ್ಲ. ತಾಯಿಯವರ ತೊಟ್ಟಿಗೆ ಒಂದು ದಾರಿ ಹೊಳೆಯುತ್ತಿದೆ: ಅದನ್ನು ಮನೆಯ ನಡುವಿನಿಂದ ಹಿಂದಕ್ಕೆ ಸರಿಸಿ, ಮೂರು ಕಡೆ ಒಂದಂತಸ್ತಿನ ಸೂರು, ನಾಲ್ಕನೆಯ ಕಡೆ ಹಿತ್ತಲಿಗೆ ತೆರೆದಿರುವಂತೆ ಬಿಡಿ. ನೀರು ಹಿತ್ತಲಿಗೇ ಹರಿಯುತ್ತದೆ, ತುಳಸಿಗೆ ಬೆಳಗಿನ ಬಿಸಿಲು ಸಿಗುತ್ತದೆ. ನಕ್ಷೆ ತಿದ್ದಿದ ಮೇಲೆ ಆ ಭಾಗದ ಅಳತೆ ತಿಳಿಸಿದರೆ ಕೊಳವೆಗಳ ಲೆಕ್ಕ ಹಾಕಿ ಕೊಡುತ್ತೇನೆ.